ಕೃತಕ ಕೀಲೂ ದೇಹದ ಕಾವಲುಗಾರರೂ

ಕಳೆದ ವರ್ಷದ ಡಿಸೆಂಬರ್ ರಜೆಯಲ್ಲಿ ನಮ್ಮ ಶಾಲೆಯ ವಿಜ್ಞಾನ ಸಂಘದವರು ವಿಶಾಖಪಟ್ಟಣದ ಪ್ರವಾಸವನ್ನು ಕೈಗೊಂಡಿದ್ದೆವು. ಕಡಲತೀರವನ್ನೂ ಬಂದರನ್ನೂ ಸಿಂಹಾಚಲದ ವರಾಹ ನರಸಿಂಹಸ್ವಾಮಿಯ ದೇವಾಲಯವನ್ನೂ ನೋಡಿದ ತರುವಾಯ, ಅರಕು ಕಣಿವೆಯ ಮಾರ್ಗವಾಗಿ ಬೊರ್ರಾ ಗುಹೆಗಳಿಗೆ ಹೋಗಿಬರುವುದು ನಮ್ಮ ಉದ್ದೇಶವಾಗಿದ್ದಿತು. ಆ ಮಾರ್ಗದಲ್ಲಿ ನಗರದ ಅಂಚಿಗೆ ಸಿಗುವ ಊರೇ ಪೆಂಡುರ್ತಿ. ರೈಲ್ವೆ ನೌಕರಿಯ ನಿಮಿತ್ತ ಹಿಂದೊಮ್ಮೆ ಹುಬ್ಬಳ್ಳಿಯಿಂದ ಬಂದು ಅಲ್ಲಿಯೇ ನೆಲೆಸಿದ ಕನ್ನಡ ಮನೆತನವೊಂದರಲ್ಲಿ ಆ ರಾತ್ರಿ ನಮಗೆ ಊಟ ವಸತಿಗಳ ಏರ್ಪಾಡಾಗಿತ್ತು.

ಆ ಮನೆಯ ಅಜ್ಜಿಯವರು ಊರುಗೋಲನ್ನು ಹಿಡಿದು ನಿಧಾನವಾಗಿ ನಡೆಯುತ್ತಿದ್ದರು. 2003ರಲ್ಲಿ ಅವರ ಬಲಗಡೆಯ ಸೊಂಟದ ಕೀಲು ಸವೆದುಹೋದುದರಿಂದ ವೈದ್ಯರು ಅದನ್ನು ತೆಗೆದು ಕೃತಕ ಕೀಲನ್ನು ಜೋಡಿಸಿದ್ದರಂತೆ. ಅನಂತರ ಇಪ್ಪತ್ತು ವರ್ಷ ಅವರು ಸರಾಗವಾಗಿ ಓಡಾಡಿದರು. ನೋವೇ ಇಲ್ಲವೆಂದ ಮೇಲೆ ವೈದ್ಯರ ಬಳಿಗೆ ಹೋಗುವುದೇಕೆಂದು ತಪಾಸಣೆಯನ್ನು ಬಿಟ್ಟುಬಿಟ್ಟರು. ಈಚೆಗೆ ತೊಡೆಯಲ್ಲಿ ನೋವು ಕಾಣಿಸಿಕೊಂಡು ಎಕ್ಸ್-ರೇ ತೆಗೆಸಿದಾಗ ಲೋಹದ ಕೀಲು ಇದ್ದ ಹಾಗೆಯೇ ಇದ್ದಿತು. ಆದರೆ ಅದರ ಸುತ್ತಲಿನ ಮೂಳೆ ಟೊಳ್ಳಾಗಿದ್ದಿತು. ಹಳೆಯ ಮತ್ತು ಹೊಸ ಎರಡು ಚಿತ್ರಗಳನ್ನೂ ಕಿಟಕಿಯ ಬೆಳಕಿಗೆ ಹಿಡಿದು ಅಜ್ಜಿಯವರು ನಮಗೆ ತೋರಿಸಿದರು. ಮೊದಲನೆಯದರಲ್ಲಿ ಬೆಳ್ಳಗೆ ತುಂಬಿಕೊಂಡಿದ್ದ ಭಾಗವು ಎರಡನೆಯದರಲ್ಲಿ ಕಪ್ಪು ಮೋಡಗಳಂತೆ ಕಾಣುತ್ತಿದ್ದಿತು.

"ಜ್ವರ ಬಂದಿಲ್ಲ, ಕೀವು ಆಗಿಲ್ಲ, ಎಲ್ಲೂ ಬಿದ್ದಿಲ್ಲ. ಹಂಗಾರ ನನ್ನ ಎಲುವು ತಿಂದವರು ಯಾರಪ್ಪಾ?" ಎಂದು ಅವರು ಕೇಳಿದರು.

ನಮ್ಮಲ್ಲಿ ಯಾರಿಗೂ ಉತ್ತರ ತಿಳಿದಿರಲಿಲ್ಲ. ಜೊತೆಯಲ್ಲಿದ್ದ ವಿಜ್ಞಾನದ ಉಪಾಧ್ಯಾಯರು ಆ ರಾತ್ರಿಯೂ, ಮರುದಿನ ಗುಹೆಯೊಳಗೂ, ಊರಿಗೆ ಮರಳಿದ ಮೇಲೆ ತರಗತಿಯಲ್ಲಿಯೂ ತಿಳಿಸಿಕೊಟ್ಟ ಸಂಗತಿಗಳನ್ನು ಕೂಡಿಸಿ, ನಾವು ಓದಿ ತಿಳಿದುದನ್ನೂ ಸೇರಿಸಿ, ನಮ್ಮ ಸಹಪಾಠಿಗಳ ಮುಂದೆ ಇಲ್ಲಿ ಇಡುತ್ತಿದ್ದೇವೆ.

ಮೊದಲು ಕೀಲಿನ ರಚನೆಯನ್ನು ನೋಡೋಣ. ತೊಡೆಮೂಳೆಯ ಮೇಲ್ತುದಿಯು ಚೆಂಡಿನಂತೆ ದುಂಡಗಿದೆ. ಸೊಂಟದ ಮೂಳೆಯಲ್ಲಿ ಅದಕ್ಕೆ ತಕ್ಕ ಬಟ್ಟಲಿನಂತಹ ಕುಳಿಯಿದೆ. ಇವೆರಡರ ಮೇಲೂ ನುಣುಪಾದ ಮೃದ್ವಸ್ಥಿಯ ಹೊದಿಕೆಯಿರುವುದರಿಂದ ಚೆಂಡು ಬಟ್ಟಲಿನೊಳಗೆ ಸುಲಭವಾಗಿ ತಿರುಗುತ್ತದೆ. ವಯಸ್ಸಿನಿಂದಲೋ ರೋಗದಿಂದಲೋ ಈ ಹೊದಿಕೆಯು ಸವೆದರೆ ಮೂಳೆಗೆ ಮೂಳೆ ಉಜ್ಜಿ ಅಸಾಧ್ಯವಾದ ನೋವುಂಟಾಗುತ್ತದೆ. ಆಗ ಶಸ್ತ್ರವೈದ್ಯರು ಸವೆದ ಚೆಂಡನ್ನು ಕತ್ತರಿಸಿ ತೆಗೆದು, ಕಾಂಡವುಳ್ಳ ಲೋಹದ ಚೆಂಡೊಂದನ್ನು ತೊಡೆಮೂಳೆಯೊಳಕ್ಕೆ ನಾಟುತ್ತಾರೆ. ಬಟ್ಟಲಿನ ಸ್ಥಾನದಲ್ಲಿ ಪಾಲಿಎಥಿಲೀನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಬಟ್ಟಲನ್ನು ಕೂರಿಸುತ್ತಾರೆ.

ಈ ಶಸ್ತ್ರಚಿಕಿತ್ಸೆಯನ್ನು ಲೋಕಪ್ರಸಿದ್ಧಗೊಳಿಸಿದವರು ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯ ಶಸ್ತ್ರವೈದ್ಯರಾದ ಜಾನ್ ಚಾರ್ನ್ಲಿ. ಅವರ ಕಥೆಯಲ್ಲಿ ಅಜ್ಜಿಯವರ ಪ್ರಶ್ನೆಗೆ ಉತ್ತರದ ಮೊದಲ ಸುಳಿವು ದೊರೆಯುತ್ತದೆ. 1958ರ ಹೊತ್ತಿಗೆ ಅವರು ಬಟ್ಟಲಿಗಾಗಿ ಆರಿಸಿಕೊಂಡ ವಸ್ತು ಟೆಫ್ಲಾನ್. ದೋಸೆ ಅಂಟದಿರಲೆಂದು ಇಂದು ನಮ್ಮ ಮನೆಗಳ ಹಂಚಿಗೆ ಲೇಪಿಸುವ ವಸ್ತುವೇ ಅದು. ಅಷ್ಟು ಜಾರುವ ಪದಾರ್ಥವು ಕೀಲಿಗೆ ಅತ್ಯುತ್ತಮವೆಂದು ಅವರು ನಂಬಿದ್ದರು. ಆದರೆ ಕೆಲವೇ ವರ್ಷಗಳಲ್ಲಿ ಟೆಫ್ಲಾನಿನ ಬಟ್ಟಲು ಸವೆದು ಪುಡಿಯಾಗತೊಡಗಿತು. ಕೀಲಿನ ಸುತ್ತ ಗಿಣ್ಣಿನಂತಹ ಮುದ್ದೆ ಕೂಡಿಕೊಂಡಿತು, ಮೂಳೆ ಕರಗಿತು, ಕೀಲು ಸಡಿಲವಾಯಿತು. ಸುಮಾರು 300 ರೋಗಿಗಳಲ್ಲಿ ಹೀಗಾಯಿತು. ಚಾರ್ನ್ಲಿಯವರು ತಮ್ಮ ತಪ್ಪನ್ನು ಮರೆಮಾಚಲಿಲ್ಲ. ಟೆಫ್ಲಾನಿನ ಪುಡಿಯನ್ನು ತಮ್ಮ ತೊಡೆಯ ಚರ್ಮದ ಕೆಳಗೆ ತಾವೇ ಇರಿಸಿಕೊಂಡು ಏನಾಗುವುದೆಂದು ಕಾದರು. ಪಕ್ಕದಲ್ಲಿ ಹೊಸದಾಗಿ ದೊರೆತ ಪಾಲಿಎಥಿಲೀನಿನ ಪುಡಿಯನ್ನೂ ಇರಿಸಿಕೊಂಡಿದ್ದರು. ಒಂಬತ್ತು ತಿಂಗಳಾದ ಮೇಲೆ ಟೆಫ್ಲಾನ್ ಇದ್ದ ಕಡೆ ಕೈಗೆ ಸಿಗುವಂತೆ ಗಂಟು ಕಟ್ಟಿದ್ದಿತು. ಪಾಲಿಎಥಿಲೀನ್ ಇದ್ದ ಕಡೆ ಏನೂ ತಿಳಿಯುತ್ತಿರಲಿಲ್ಲ. 1963ರಲ್ಲಿ ಈ ಅನುಭವವನ್ನು ಅವರು ಲ್ಯಾನ್ಸೆಟ್ ಎಂಬ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು.

ಪಾಲಿಎಥಿಲೀನ್ ಅವರಿಗೆ ದೊರೆತ ಬಗೆಯೂ ಸ್ವಾರಸ್ಯವಾಗಿದೆ. 1962ರಲ್ಲಿ, ಬಟ್ಟೆ ನೇಯುವ ಯಂತ್ರಗಳಲ್ಲಿ ಬಳಸುತ್ತಿದ್ದ ಈ ಪ್ಲಾಸ್ಟಿಕ್ಕಿನ ತುಂಡನ್ನು ಮಾರಾಟಗಾರನೊಬ್ಬನು ಅವರ ಕಾರ್ಯಾಗಾರಕ್ಕೆ ತಂದನು. ಚಾರ್ನ್ಲಿಯವರು ಅದನ್ನು ನೋಡಿ, ಇದರಿಂದ ಪ್ರಯೋಜನವಿಲ್ಲವೆಂದು ಬದಿಗಿರಿಸಿದರು. ಆದರೆ ಅವರ ಸಹಾಯಕ ಕುಶಲಕರ್ಮಿ ಹ್ಯಾರಿ ಕ್ರೇವನ್ ಅದನ್ನು ಸವೆತದ ಯಂತ್ರಕ್ಕೆ ಜೋಡಿಸಿ ಓಡಿಸುತ್ತಲೇ ಇದ್ದನು. ಟೆಫ್ಲಾನ್ ಒಂದೇ ದಿನದಲ್ಲಿ ಸವೆಯುತ್ತಿದ್ದಷ್ಟು ಇದು ಮೂರು ವಾರಗಳಾದರೂ ಸವೆಯಲಿಲ್ಲ. ಅದೇ ವರ್ಷದ ನವೆಂಬರಿನಿಂದ ಚಾರ್ನ್ಲಿಯವರು ಪಾಲಿಎಥಿಲೀನಿನ ಬಟ್ಟಲುಗಳನ್ನು ಬಳಸತೊಡಗಿದರು. ಅಂದಿನಿಂದ ಲಕ್ಷಾಂತರ ಜನ ನಡೆದಾಡುವಂತಾಯಿತು.

ಆದರೆ ಕಡಿಮೆ ಸವೆಯುವುದು ಬೇರೆ, ಸವೆಯದಿರುವುದು ಬೇರೆ. ನಮ್ಮ ಅಜ್ಜಿಯರ ಕಾಲದ ಬೀಸುವ ಕಲ್ಲನ್ನು ನೆನೆಯಿರಿ. ಅದೆಷ್ಟು ಗಟ್ಟಿಯಾಗಿದ್ದರೂ ಹಿಟ್ಟಿನೊಡನೆ ಕಲ್ಲಿನ ನುಣ್ಣನೆಯ ಪುಡಿಯೂ ಬೀಳುತ್ತಿದ್ದುದರಿಂದಲೇ ಆಗಾಗ ಕಲ್ಲನ್ನು ಉಳಿಯಿಂದ ಹೊಡೆಸಬೇಕಾಗುತ್ತಿದ್ದಿತು. ಕೃತಕ ಕೀಲಿನ ಸ್ಥಿತಿಯೂ ಹಾಗೆಯೇ. ಕೀಲುಗಳನ್ನು ಯಂತ್ರದಲ್ಲಿ ಪರೀಕ್ಷಿಸುವವರು ಒಂದು ವರ್ಷದ ನಡಿಗೆಯನ್ನು ಸುಮಾರು 10 ಲಕ್ಷ ಹೆಜ್ಜೆಗಳೆಂದು ಎಣಿಸುತ್ತಾರೆ. ಒಂದೊಂದು ಹೆಜ್ಜೆಗೂ ಬಟ್ಟಲಿನಿಂದ ಲಕ್ಷಗಟ್ಟಲೆ ಕಣಗಳು ಉದುರಬಹುದು. ಅವುಗಳಲ್ಲಿ ಹೆಚ್ಚಿನವು ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಚಿಕ್ಕವು. ಕೀಲಿನ ದ್ರವವು ನಡೆಯುವಾಗಿನ ಒತ್ತಡದಿಂದ ಅವನ್ನು ಲೋಹಕ್ಕೂ ಮೂಳೆಗೂ ನಡುವಣ ಸಂದುಗಳೊಳಕ್ಕೆ ನೂಕುತ್ತದೆ.

ಈ ಪುಡಿಯು ತಾನಾಗಿ ಮೂಳೆಯನ್ನು ಕೊರೆಯುವುದೇ? ಇಲ್ಲ. ಪಾಲಿಎಥಿಲೀನ್ ವಿಷವಲ್ಲ, ಆಮ್ಲವೂ ಅಲ್ಲ. ಮೂಳೆಯನ್ನು ಕರಗಿಸುವವರು ಬೇರೆ ಇದ್ದಾರೆ. ಅವರನ್ನು ಅರಿಯಲು ನಾವು ಇನ್ನೂ ಹಿಂದಕ್ಕೆ, 1882ಕ್ಕೆ ಹೋಗಬೇಕು.

ಆ ವರ್ಷದ ಕೊನೆಯಲ್ಲಿ ರಷ್ಯದ ವಿಜ್ಞಾನಿ ಇಲ್ಯಾ ಮೆಚ್ನಿಕೋಫ್ ಇಟಲಿಯ ಸಿಸಿಲಿ ದ್ವೀಪದ ಮೆಸ್ಸಿನಾ ನಗರದಲ್ಲಿದ್ದರು. ಗಾಜಿನಂತೆ ಪಾರದರ್ಶಕವಾದ ನಕ್ಷತ್ರಮೀನಿನ ಮರಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು ಅವರ ಕೆಲಸ. ಒಂದು ದಿನ ತೋಟದಿಂದ ಗುಲಾಬಿಯ ಮುಳ್ಳುಗಳನ್ನು ಕಿತ್ತು ತಂದು ಆ ಮರಿಗಳ ದೇಹಕ್ಕೆ ಚುಚ್ಚಿದರು. ಮರುದಿನ ನೋಡಿದರೆ, ಅಲೆದಾಡುವ ಜೀವಕೋಶಗಳು ಎಲ್ಲೆಡೆಯಿಂದ ಬಂದು ಮುಳ್ಳನ್ನು ಮುತ್ತಿಕೊಂಡಿದ್ದವು! ದೇಹವು ತನ್ನೊಳಕ್ಕೆ ಬಂದ ಪರವಸ್ತುವನ್ನು ನುಂಗಿ ನಾಶಮಾಡುವ ಕಾವಲುಗಾರರನ್ನು ಸಾಕಿಕೊಂಡಿದೆಯೆಂಬುದು ಹೀಗೆ ತಿಳಿದುಬಂದಿತು. ಅವುಗಳಲ್ಲಿ ದೊಡ್ಡವಕ್ಕೆ ಮೆಚ್ನಿಕೋಫರು ಮ್ಯಾಕ್ರೋಫೇಜ್ ಎಂದು ಹೆಸರಿಟ್ಟರು. ನಾವು ಅವನ್ನು ಮಹಾಭಕ್ಷಕ ಕೋಶಗಳೆಂದು ಕರೆಯೋಣ. ಈ ಸಂಶೋಧನೆಗಾಗಿ 1908ರಲ್ಲಿ ಅವರಿಗೆ ಪಾಲ್ ಎರ್ಲಿಕ್‌ರೊಡನೆ ನೊಬೆಲ್ ಪಾರಿತೋಷಕವು ದೊರೆಯಿತು.

ಮಹಾಭಕ್ಷಕ ಕೋಶಗಳು ಮಾಡುವ ಉಪಕಾರ ಅಷ್ಟಿಷ್ಟಲ್ಲ. ಗಾಯದೊಳಗೆ ನುಗ್ಗಿದ ರೋಗಾಣುವನ್ನು ಅವು ನುಂಗಿ, ತಮ್ಮೊಳಗಿನ ರಸಗಳಿಂದ ಜೀರ್ಣಿಸಿಬಿಡುತ್ತವೆ. ಕೆಲಸ ಮುಗಿದ ಮೇಲೆ ಗದ್ದಲ ಅಡಗುತ್ತದೆ, ಗಾಯ ಮಾಯುತ್ತದೆ. ಕೀಲಿನ ಸುತ್ತ ಸೇರಿದ ಪ್ಲಾಸ್ಟಿಕ್ಕಿನ ಕಣಗಳನ್ನೂ ಅವು ರೋಗಾಣುಗಳನ್ನು ನುಂಗಿದಂತೆಯೇ ನುಂಗುತ್ತವೆ. ಆ ಕಣಗಳ ಗಾತ್ರವೂ ಹೆಚ್ಚುಕಡಿಮೆ ರೋಗಾಣುಗಳಷ್ಟೇ. ಆದರೆ ಈ ಪ್ಲಾಸ್ಟಿಕ್ಕನ್ನು ಜೀರ್ಣಿಸಬಲ್ಲ ರಸವು ನಮ್ಮ ದೇಹದ ಯಾವ ಜೀವಕೋಶದಲ್ಲಿಯೂ ಇಲ್ಲ. ನುಂಗಿದುದು ಕರಗದು, ಉಗುಳಿದರೆ ಮತ್ತೊಂದು ಕೋಶವು ಅದನ್ನೇ ನುಂಗುತ್ತದೆ. ಕೋಶವು ಸತ್ತರೆ ಕಣವು ಹೊರಬಿದ್ದು ಮುಂದಿನ ಕಾವಲುಗಾರನನ್ನು ಕಾಯುತ್ತದೆ. ಇತ್ತ ಪ್ರತಿಯೊಂದು ಹೆಜ್ಜೆಯೂ ಹೊಸ ಕಣಗಳನ್ನು ತಂದು ಸುರಿಯುತ್ತಿರುತ್ತದೆ. ಆದುದರಿಂದ ಇಲ್ಲಿ ಯುದ್ಧಕ್ಕೆ ಕೊನೆಯೇ ಇಲ್ಲ.

ಸಂಕಟಕ್ಕೆ ಸಿಕ್ಕಿದ ಕಾವಲುಗಾರನು ನಗಾರಿಯನ್ನು ಬಾರಿಸುವಂತೆ ಈ ಕೋಶಗಳು ಕೆಲವು ರಾಸಾಯನಿಕ ಸಂದೇಶಗಳನ್ನು ಹೊರಸೂಸುತ್ತವೆ. ಅವುಗಳಲ್ಲಿ ಮುಖ್ಯವಾದವು ಟಿ.ಎನ್.ಎಫ್. ಮತ್ತು ಇಂಟರ್‌ಲ್ಯೂಕಿನ್-1 ಎಂಬವು. ಈ ಕರೆಯನ್ನು ಕೇಳಿ ರಕ್ತದಿಂದ ಇನ್ನಷ್ಟು ಭಕ್ಷಕಕೋಶಗಳು ಬರುತ್ತವೆ. ಅವುಗಳೊಡನೆ ಬಹು ವಿಚಿತ್ರವಾದ ಇನ್ನೊಂದು ಕೆಲಸವೂ ನಡೆಯುತ್ತದೆ.

ಮೂಳೆಯೆಂದರೆ ಕಲ್ಲಿನಂತೆ ಜಡವಾದುದೆಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಅದು ಅನುದಿನವೂ ಕೆಡವಿ ಕಟ್ಟುತ್ತಿರುವ ಮನೆ. ಬೆಳೆದವರ ಅಸ್ಥಿಪಂಜರದಲ್ಲಿ ವರ್ಷಕ್ಕೆ ಸುಮಾರು ಹತ್ತನೆಯ ಒಂದು ಭಾಗವು ಹೊಸದಾಗುತ್ತದೆ. ಹಳೆಯದನ್ನು ಕೆಡಹುವ ಕೋಶಗಳಿಗೆ ಆಸ್ಟಿಯೋಕ್ಲಾಸ್ಟ್ ಎಂದೂ, ಹೊಸದನ್ನು ಕಟ್ಟುವ ಕೋಶಗಳಿಗೆ ಆಸ್ಟಿಯೋಬ್ಲಾಸ್ಟ್ ಎಂದೂ ಹೆಸರು. ಕೆಡಹುವ ಕೋಶವು ಮೂಳೆಗೆ ಅಂಟಿ ಕುಳಿತು, ತನ್ನ ಅಡಿಯಲ್ಲಿ ಆಮ್ಲವನ್ನು ಸುರಿಸಿ ಸುಣ್ಣದ ಅಂಶವನ್ನು ಕರಗಿಸುತ್ತದೆ. ಉಳಿದ ನಾರಿನ ಅಂಶವನ್ನು ಕಿಣ್ವಗಳಿಂದ ಕತ್ತರಿಸುತ್ತದೆ. ಸೋಜಿಗದ ಸಂಗತಿಯೆಂದರೆ ಈ ಕೆಡಹುವ ಕೋಶವೂ ಮಹಾಭಕ್ಷಕ ಕೋಶವೂ ದಾಯಾದಿಗಳು. ಎರಡೂ ಎಲುಬಿನ ಮಜ್ಜೆಯಲ್ಲಿ ಒಂದೇ ಮೂಲದಿಂದ ಹುಟ್ಟುತ್ತವೆ. ಎಳೆಯ ಕೋಶವು ಭಕ್ಷಕನಾಗಬೇಕೋ ಮೂಳೆ ಕೆಡಹುವವನಾಗಬೇಕೋ ಎಂಬುದನ್ನು ಅದಕ್ಕೆ ತಲಪುವ ಸಂದೇಶಗಳು ನಿರ್ಧರಿಸುತ್ತವೆ.

ಆ ಸಂದೇಶಗಳಲ್ಲಿ ಪ್ರಮುಖವಾದುದನ್ನು 1990ರ ದಶಕದ ಕೊನೆಯಲ್ಲಿ ಗುರುತಿಸಲಾಯಿತು. ಅದರ ಹೆಸರು ರ್‍ಯಾಂಕ್-ಲಿಗ್ಯಾಂಡ್. ಅದನ್ನು ಬೀಗದ ಕೈಗೆ ಹೋಲಿಸಬಹುದು. ಎಳೆಯ ಕೋಶದ ಮೈಮೇಲಿರುವ ಬೀಗಕ್ಕೆ ಈ ಕೈ ಹೊಕ್ಕಿತೆಂದರೆ ಅಂತಹ ಹಲವು ಕೋಶಗಳು ಒಂದಾಗಿ ಬೆಸೆದು, ಅನೇಕ ಕೇಂದ್ರಬಿಂದುಗಳುಳ್ಳ ದೊಡ್ಡದೊಂದು ಆಸ್ಟಿಯೋಕ್ಲಾಸ್ಟ್ ಆಗುತ್ತವೆ. ಈ ಕೈ ಬೀಗವನ್ನು ಸೇರುವ ಮುನ್ನವೇ ಅದನ್ನು ಹಿಡಿದಿಡುವ ಆಸ್ಟಿಯೋಪ್ರೊಟೆಜೆರಿನ್ ಎಂಬ ವಸ್ತುವನ್ನೂ ದೇಹವೇ ತಯಾರಿಸುತ್ತದೆ. ಆರೋಗ್ಯವಿದ್ದಾಗ ಇವೆರಡೂ ತಕ್ಕಡಿಯ ಎರಡು ತಟ್ಟೆಗಳಂತೆ ಸಮವಾಗಿರುತ್ತವೆ. ಕೃತಕ ಕೀಲಿನ ಸುತ್ತ ಭಕ್ಷಕಕೋಶಗಳು ಬಾರಿಸಿದ ನಗಾರಿಯು ಈ ತಕ್ಕಡಿಯನ್ನು ಓಲಿಸುತ್ತದೆ. ಬೀಗದ ಕೈಗಳು ಹೆಚ್ಚುತ್ತವೆ, ಕೆಡಹುವವರು ಗುಂಪುಗುಂಪಾಗಿ ಹುಟ್ಟುತ್ತಾರೆ, ಕಟ್ಟುವವರ ಕೈ ಸೋಲುತ್ತದೆ. ಮೂಳೆಯು ಹೆಜ್ಜೆಹೆಜ್ಜೆಗೂ ಕರಗುತ್ತಾ ಹೋಗುತ್ತದೆ. ವೈದ್ಯರು ಇದನ್ನು ಆಸ್ಟಿಯೋಲೈಸಿಸ್ ಎನ್ನುತ್ತಾರೆ.

ಬೊರ್ರಾ ಗುಹೆಯೊಳಗೆ ನಿಂತಾಗ ನಮಗೆ ಈ ವಿಷಯವು ಚೆನ್ನಾಗಿ ಮನದಟ್ಟಾಯಿತು. ಅಷ್ಟು ವಿಶಾಲವಾದ ಗುಹೆಯನ್ನು ಯಾರೂ ಅಗೆದು ತೆಗೆದುದಲ್ಲ. ಮಳೆಯ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿ ದುರ್ಬಲವಾದ ಆಮ್ಲವಾಗಿ, ಸುಣ್ಣದ ಕಲ್ಲನ್ನು ಯುಗಯುಗಾಂತರಗಳಿಂದ ತೊಟ್ಟುತೊಟ್ಟಾಗಿ ಕರಗಿಸಿದುದರ ಫಲ ಅದು. ಬೆಟ್ಟದ ಮೇಲೆ ಮರಗಳು ಹಸುರಾಗಿಯೇ ನಿಂತಿರುತ್ತವೆ. ಒಳಗಿನ ಟೊಳ್ಳು ಹೊರಗೆ ನಡೆಯುವವನಿಗೆ ತಿಳಿಯುವುದಿಲ್ಲ. "ಅಜ್ಜಿಯವರ ಎಲುಬಿನಲ್ಲಿ ನಡೆದುದೂ ಇದೇ. ಅಲ್ಲಿಯೂ ಸುಣ್ಣ, ಅಲ್ಲಿಯೂ ಆಮ್ಲ. ಬೆಟ್ಟಕ್ಕೆ ಯುಗಗಳು ಬೇಕಾದವು, ಎಲುಬಿಗೆ ಇಪ್ಪತ್ತು ವರ್ಷ ಸಾಕಾಯಿತು" ಎಂದು ನಮ್ಮ ಉಪಾಧ್ಯಾಯರು ಹೇಳಿದರು.

ಈ ಸತ್ಯವನ್ನು ಕಂಡುಕೊಳ್ಳಲು ವೈದ್ಯಲೋಕಕ್ಕೂ ಕಾಲ ಹಿಡಿಯಿತು. ಕೀಲನ್ನು ಮೂಳೆಗೆ ಅಂಟಿಸಲು ಬಳಸುವ ಸಿಮೆಂಟೇ ಅಪರಾಧಿಯೆಂದು ಬಹುಕಾಲ ನಂಬಿದ್ದರು. ಅದಕ್ಕೆ ಸಿಮೆಂಟಿನ ರೋಗವೆಂದೇ ಹೆಸರಿಟ್ಟಿದ್ದರು. ಸಿಮೆಂಟಿಲ್ಲದ ಕೀಲುಗಳನ್ನು ತಯಾರಿಸಿ ಜೋಡಿಸಿದರು. ಅವುಗಳ ಸುತ್ತಲೂ ಮೂಳೆ ಕರಗಿತು! ಆಗ ಗಮನವು ಪ್ಲಾಸ್ಟಿಕ್ಕಿನ ಕಣಗಳ ಕಡೆಗೂ ಅವನ್ನು ನುಂಗಿದ ಭಕ್ಷಕಕೋಶಗಳ ಕಡೆಗೂ ತಿರುಗಿತು. ಜರ್ಮನಿಯ ವಿಲ್ಲೆರ್ಟ್ ಮತ್ತು ಅವರ ಸಹೋದ್ಯೋಗಿ ಸೆಮ್ಲಿಚ್ 1977ರಲ್ಲಿ ಪ್ರಕಟಿಸಿದ ಲೇಖನವು ಈ ದಾರಿಯಲ್ಲಿ ಮೈಲಿಗಲ್ಲೆನಿಸಿದೆ.

ಪ್ಲಾಸ್ಟಿಕ್ಕನ್ನು ಬಿಟ್ಟು ಲೋಹಕ್ಕೆ ಲೋಹವನ್ನೇ ಉಜ್ಜುವಂತೆ ಮಾಡಿದರೆ ಹೇಗೆ ಎಂಬ ಯೋಚನೆಯೂ ಬಂದಿತು. ಆದರೆ ಲೋಹದ ಕೀಲು ಇನ್ನೂ ಸೂಕ್ಷ್ಮವಾದ ಕಣಗಳನ್ನೂ, ಕೋಬಾಲ್ಟ್ ಮತ್ತು ಕ್ರೋಮಿಯಂ ಲೋಹಗಳ ಅಂಶವನ್ನೂ ಬಿಡುತ್ತದೆ. ಅವುಗಳನ್ನು ಕಂಡು ಭಕ್ಷಕಕೋಶಗಳಷ್ಟೇ ಅಲ್ಲದೆ, ರಕ್ಷಣಾಪಡೆಯ ಮತ್ತೊಂದು ದಳವಾದ ಲಿಂಫೋಸೈಟ್‌ಗಳೂ ಕೆಲವರಲ್ಲಿ ಕೆರಳುತ್ತವೆ. ಅಂತಹ ಒಂದು ಬಗೆಯ ಸೊಂಟದ ಕೀಲನ್ನು 2010ರ ಆಗಸ್ಟಿನಲ್ಲಿ ಪ್ರಪಂಚದಾದ್ಯಂತ ಹಿಂತೆಗೆದುಕೊಳ್ಳಬೇಕಾಯಿತು. ಭಾರತದಲ್ಲಿ ಸುಮಾರು 4,700 ಶಸ್ತ್ರಚಿಕಿತ್ಸೆಗಳಲ್ಲಿ ಅದನ್ನು ಬಳಸಲಾಗಿತ್ತು. 2017ರಲ್ಲಿ ಕೇಂದ್ರ ಸರ್ಕಾರವು ತಜ್ಞರ ಸಮಿತಿಯನ್ನು ನೇಮಿಸಿ ವಿಚಾರಣೆ ನಡೆಸಿದಾಗ, ಆ ರೋಗಿಗಳಲ್ಲಿ ಹೆಚ್ಚಿನವರು ಎಲ್ಲಿದ್ದಾರೆಂಬುದೇ ಪತ್ತೆಯಾಗಲಿಲ್ಲ. ತಮ್ಮ ದೇಹದೊಳಗೆ ಯಾವ ಕೀಲಿದೆಯೆಂಬುದನ್ನು ತಿಳಿಸುವ ಕಾಗದವು ರೋಗಿಯ ಕೈಯಲ್ಲಿಯೇ ಇರುವುದು ಎಷ್ಟು ಅವಶ್ಯವೆಂಬುದನ್ನು ಇದರಿಂದ ಊಹಿಸಬಹುದು.

ಇಷ್ಟೆಲ್ಲ ಕೇಳಿ ಕೃತಕ ಕೀಲಿನ ವಿಷಯದಲ್ಲಿ ಯಾರೂ ಭಯಪಡಬೇಕಾಗಿಲ್ಲ. 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯು ಎರಡು ದೇಶಗಳ ದಾಖಲೆಗಳನ್ನು ಆಧರಿಸಿ ಕೊಟ್ಟ ಲೆಕ್ಕದಂತೆ, ನೂರರಲ್ಲಿ ಸುಮಾರು 58 ಸೊಂಟದ ಕೀಲುಗಳೂ 82 ಮೊಣಕಾಲ ಕೀಲುಗಳೂ 25 ವರ್ಷ ಬಾಳುತ್ತವೆ. ಅವು ಹಿಂದಿನ ಕಾಲದಲ್ಲಿ ಜೋಡಿಸಿದ ಕೀಲುಗಳು. 1990ರ ದಶಕದ ಕೊನೆಯಿಂದ ಪಾಲಿಎಥಿಲೀನನ್ನು ವಿಕಿರಣಕ್ಕೆ ಒಡ್ಡಿ, ಅದರ ಎಳೆಗಳನ್ನು ಒಂದಕ್ಕೊಂದು ಹೆಣೆಯುವಂತೆ ಮಾಡಿ ಬಟ್ಟಲುಗಳನ್ನು ತಯಾರಿಸುತ್ತಿದ್ದಾರೆ. ಬಟ್ಟಲು ವರ್ಷಕ್ಕೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆ ಸವೆದರೆ ಮೂಳೆ ಕರಗುವುದು ವಿರಳವೆಂದು ಕಂಡುಬಂದಿದೆ. ಹೊಸ ಬಟ್ಟಲುಗಳ ಸವೆತವು ಸಾಮಾನ್ಯವಾಗಿ ಅದಕ್ಕಿಂತಲೂ ಕಡಿಮೆ. ನಾವು ನೋಡಿಬಂದ ವಿಶಾಖಪಟ್ಟಣದಲ್ಲಿಯೇ 2018ರಲ್ಲಿ ಆಂಧ್ರಪ್ರದೇಶ ಮೆಡ್‌ಟೆಕ್ ವಲಯವೆಂಬ ವೈದ್ಯಕೀಯ ಉಪಕರಣಗಳ ಕೈಗಾರಿಕಾ ಕ್ಷೇತ್ರವು ಆರಂಭವಾಯಿತು. ದೇಹದೊಳಗೆ ಇರಿಸುವ ವಸ್ತುವನ್ನು ಜೀವಕೋಶಗಳು ಹೇಗೆ ಬರಮಾಡಿಕೊಳ್ಳುತ್ತವೆಯೆಂಬ ಪರೀಕ್ಷೆಯು ಇಂತಹ ಉದ್ಯಮದ ಅಡಿಪಾಯ. ನಮ್ಮಲ್ಲಿ ಕೆಲವರಾದರೂ ಮುಂದೆ ಆ ವಿದ್ಯೆಯನ್ನು ಕಲಿಯಬಾರದೇಕೆ?

ಕರಗತೊಡಗಿದ ಮೂಳೆಗೆ ಔಷಧವುಂಟೇ ಎಂದು ಕೇಳಬಹುದು. ಬೀಗದ ಕೈಯನ್ನೇ ತಡೆಹಿಡಿಯುವ ಡೆನೋಸುಮಾಬ್ ಎಂಬ ಔಷಧವು 2010ರಿಂದ ಮೂಳೆ ಸವಕಳಿಯ ರೋಗಕ್ಕೆ ಬಳಕೆಯಲ್ಲಿದೆ. ಕೃತಕ ಕೀಲಿನ ತೊಂದರೆಗೂ ಅದನ್ನು ಪರೀಕ್ಷಿಸಿದ್ದಾರೆ; ಆದರೆ ವಾಡಿಕೆಯ ಚಿಕಿತ್ಸೆಯಾಗಿ ಅದಿನ್ನೂ ಬಂದಿಲ್ಲ. ಇಂದಿಗೂ ಮುಖ್ಯ ಉಪಾಯವೆಂದರೆ ಕೇಡನ್ನು ಬೇಗನೆ ಗುರುತಿಸುವುದು. ಬೇಗ ಕಂಡರೆ ಸವೆದ ಬಟ್ಟಲನ್ನಷ್ಟೇ ಬದಲಾಯಿಸಿ, ಟೊಳ್ಳಿಗೆ ಮೂಳೆಯ ಚೂರುಗಳನ್ನು ತುಂಬಿದರೆ ಸಾಕಾಗಬಹುದು. ತಡವಾದರೆ ಹೊಸ ಕೀಲನ್ನು ನಿಲ್ಲಿಸಲು ಆಧಾರವಾದ ಮೂಳೆಯೇ ಉಳಿದಿರುವುದಿಲ್ಲ. ಮೂಳೆ ಕರಗುವಾಗ ಬಹುಮಟ್ಟಿಗೆ ನೋವಿರುವುದಿಲ್ಲ. ನೋವು ಬರುವುದು ಕೀಲು ಸಡಿಲವಾದ ಮೇಲೆ, ಇಲ್ಲವೆ ಮೂಳೆ ಮುರಿದ ಮೇಲೆ. ನೋವಿಲ್ಲವೆಂದು ತಪಾಸಣೆ ಬಿಟ್ಟುದೇ ಪೆಂಡುರ್ತಿಯ ಅಜ್ಜಿಯವರ ವಿಷಯದಲ್ಲಿ ಆದ ತಪ್ಪು. ಅದನ್ನು ಅವರೇ ನಮಗೆ ಹೇಳಿ, ಊರಿಗೆ ಹೋದ ಮೇಲೆ ನಾಲ್ಕು ಜನಕ್ಕೆ ತಿಳಿಸಿರೆಂದರು.

ಪ್ರವಾಸದಿಂದ ಬಂದ ಎರಡು ತಿಂಗಳಿಗೆ ಅವರ ಮನೆಯಿಂದ ಪತ್ರ ಬಂದಿತು. ಎರಡನೆಯ ಶಸ್ತ್ರಚಿಕಿತ್ಸೆ ನಡೆಯಿತೆಂದೂ, ಮೊದಲಿನದಕ್ಕಿಂತ ಇದು ಬಹಳ ದೀರ್ಘವಾಗಿತ್ತೆಂದೂ, ಅವರು ಈಗ ಎರಡು ಊರುಗೋಲುಗಳ ಸಹಾಯದಿಂದ ಅಂಗಳದವರೆಗೆ ನಡೆಯುತ್ತಿದ್ದಾರೆಂದೂ ಅದರಲ್ಲಿ ಬರೆದಿದ್ದಿತು. ಎಲುಬನ್ನು ತಿಂದವರು ಯಾರೆಂಬ ಪ್ರಶ್ನೆಗೆ ನಾವು ಈ ಲೇಖನದ ಪ್ರತಿಯನ್ನೇ ಉತ್ತರವಾಗಿ ಅವರಿಗೆ ಕಳುಹಿಸಲಿದ್ದೇವೆ. ತಿಂದವರು ಪರಕೀಯರಲ್ಲ, ದ್ರೋಹಿಗಳೂ ಅಲ್ಲ. ಜೀವಮಾನವೆಲ್ಲ ಅವರನ್ನು ರೋಗಗಳಿಂದ ಕಾಪಾಡಿದ ಕಾವಲುಗಾರರೇ, ಕರಗದ ಪುಡಿಯೊಡನೆ ಹೋರಾಡುತ್ತಾ ಮನೆಯ ಗೋಡೆಯನ್ನು ಕೆಡವಿಸಿದರು.

ಸಹಪಾಠಿಗಳೇ, ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಕೃತಕ ಕೀಲನ್ನು ಜೋಡಿಸಿಕೊಂಡ ಹಿರಿಯರಿದ್ದರೆ ಅವರನ್ನು ಮೂರು ಮಾತು ಕೇಳಿರಿ. ಕೀಲಿನ ವಿವರವುಳ್ಳ ಕಾಗದವು ಭದ್ರವಾಗಿದೆಯೇ? ಮೊದಲ ಎಕ್ಸ್-ರೇ ಚಿತ್ರವನ್ನು ಇಟ್ಟುಕೊಂಡಿದ್ದಾರೆಯೇ? ವೈದ್ಯರು ಹೇಳಿದ ಅವಧಿಗೆ ಮತ್ತೆ ಚಿತ್ರ ತೆಗೆಸಿದ್ದಾರೆಯೇ? ಇಲ್ಲವೆಂದು ಅವರು ಹೇಳಿದರೆ, ಮುಂದಿನ ರಜೆಯ ದಿನ ನೀವೇ ಜೊತೆಯಾಗಿ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿರಿ.